ಪಿಳ್ಳಣ್ಣನ ಎಡೆ

ಕುಡಿಯದವನಿಗೆ ಲಿವರ್ ಕೆಟ್ಟಿದೆ ಎಂದರೆ ನಮ್ಮ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಯಾರು ನಂಬುತ್ತಾರೆ ಹೇಳಿ. ಕಾಲು ಉಳುಕಿದರೆ ಎಲ್ಲೋ ಬಿದ್ದ ಎನ್ನುತ್ತಾರೆ, ಕೆಮ್ಮಿದರೆ ಬೀಡಿ ಜಾಸ್ತಿಯಾಯಿತು ಎನ್ನುತ್ತಾರೆ. ಲಿವರ್ ಎಂದರೆ ಮಾತೇ ಬೇಡ; ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿ, ಕಣ್ಣಲ್ಲೇ ನಕ್ಕು ಸುಮ್ಮನಾಗುತ್ತಾರೆ. ಆ ಹೆಬ್ಬೆರಳು ಈ ಸಲ ಹನುಮಂತರಾಯಪ್ಪನ ಕಡೆಗೆ ಎದ್ದಿತ್ತು. ವಿಜಯಪುರದ ರಸ್ತೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟುಕೊಂಡಿರುವ ಐವತ್ತರ ಗಂಡಸು ಅವನು. ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡವನ್ನೂ ನಾಲಿಗೆಗೆ ಸೋಕಿಸಿದವನಲ್ಲ.

ಊರಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಅದರದ್ದೇ. ಬೀಗರೂಟಕ್ಕೆ ಹೋದಾಗ ಶಾಮಿಯಾನದ ಹಿಂದೆ ಗಂಡಸರು ಗುಂಪು ಸೇರಿ ಬಾಟಲಿ ಬಿಚ್ಚುತ್ತಾರಲ್ಲ, ಆಗ ಯಾರಾದರೊಬ್ಬರು ಕೂಗುತ್ತಿದ್ದರು: "ಲೇ, ಹನುಮಂತರಾಯಪ್ಪಂಗೆ ಕೂಲ್‌ಡ್ರಿಂಕ್ಸ್ ತತ್ರೋ, ಅವ್ನು ಅಮ್ಮನ ಆಣೆ ಮಡಗವ್ನೆ." ಸಣ್ಣದಲ್ಲ, ದೊಡ್ಡ ಬಾಟಲಿಯೇ ಬರುತ್ತಿತ್ತು. ಕುಡಿಯುವವರ ನಡುವೆ ಒಬ್ಬ ಕೈಕಟ್ಟಿ ಕೂತರೆ ಅವರಿಗೂ ಮುಜುಗರ, ಇವನಿಗೂ ಮುಜುಗರ. ಅದಕ್ಕೆ ಅವರು ಮುಗಿಸುವ ತನಕ ಇವನೂ ಲೋಟದ ಮೇಲೆ ಲೋಟ ಆ ಬಣ್ಣದ ಸಿಹಿನೀರನ್ನು ಇಳಿಸುತ್ತಿದ್ದ. ನ್ಯಾಯ ಪಂಚಾಯ್ತಿಯಿರಲಿ, ಸೈಟು ರಿಜಿಸ್ಟ್ರಿ ಇರಲಿ, ಮಗುವಿಗೆ ಹೆಸರಿಡುವುದಿರಲಿ, ಹನುಮಂತರಾಯಪ್ಪನ ಮುಂದೆ ಒಂದು ಬಾಟಲಿ ತಣ್ಣಗೆ ನಿಂತಿರುತ್ತಿತ್ತು. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ಅವನು ಆಣೆ ಕಾಪಾಡಿಕೊಂಡು ಬಂದಿದ್ದ.

ಶ್ರಾವಣ ಮುಗಿಯುವ ಹೊತ್ತಿಗೆ ಅವನ ಬಲಪಕ್ಕೆಯ ಕೆಳಗೆ ಏನೋ ಭಾರ, ಕಲ್ಲು ಇಟ್ಟಂತೆ. ನೋವು ಎನ್ನುವ ಹಾಗೂ ಇಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಊಟವಾದ ಮೇಲೆ ಅಂಗಡಿಯ ಕುರ್ಚಿಯಲ್ಲೇ ತೂಕಡಿಕೆ. ಹೆಂಡತಿ ಆಶಾರಾಣಿ ಬಿಡಲಿಲ್ಲ. "ನಿಮ್ ಬೆಲ್ಟಿಗೆ ಮೊಳೆ ಹೊಡೆದು ತೂತು ಮಾಡ್ಕೊಡೋದು ನಾನೇ ಅಲ್ವಾ, ಹೊಟ್ಟೆ ಹೆಂಗೆ ಬೆಳೀತಿದೆ ಅಂತ ನಂಗೊತ್ತಿಲ್ವಾ" ಎಂದು ಬೈದು, ದೇವನಹಳ್ಳಿಯಲ್ಲಿ ಡಾಕ್ಟರ್ ಅರ್ಪಿತ ಅವರ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಡಾಕ್ಟರು ಚಿತ್ರ ನೋಡಿ, "ಲಿವರ್‌ನಲ್ಲಿ ಕೊಬ್ಬು ಸೇರಿದೆ. ಫ್ಯಾಟಿ ಲಿವರ್ ಅಂತೀವಿ. ಎರಡನೇ ಹಂತದಲ್ಲಿದೆ" ಎಂದರು.

"ಕುಡೀತೀರಾ?"

"ಇಲ್ಲ ಮೇಡಂ."

"ಸರಿ" ಎಂದು ಅವರು ಹಾಗೇ ಬರೆದುಕೊಂಡರು. ಎರಡನೇ ಸಲ ಕೇಳಲಿಲ್ಲ. ಸಕ್ಕರೆ ಎಷ್ಟಿದೆ ನೋಡಬೇಕು, ಕಾಮಾಲೆಯ ವೈರಸ್ ಇದೆಯಾ ನೋಡಬೇಕು, ಲಿವರ್ ಗಟ್ಟಿಯಾಗಿದೆಯಾ ಎಂದು ಇನ್ನೊಂದು ಮೆಷಿನ್ನಿನಲ್ಲಿ ನೋಡಬೇಕು ಎಂದು ಹೇಳಿ ಕಳಿಸಿದರು. ಹೊರಗೆ ಬೆಂಚಿನ ಮೇಲೆ ಚಿಕ್ಕಪ್ಪ ಅಪ್ಪಯ್ಯಣ್ಣ ಬಿ.ಪಿ. ಮಾತ್ರೆಗೆಂದು ಬಂದು ಕೂತಿದ್ದ. ಹನುಮಂತರಾಯಪ್ಪನ ಅಪ್ಪನ ತಮ್ಮ. ಎಪ್ಪತ್ತು ದಾಟಿದರೂ ಬಾಯಿ ಇನ್ನೂ ಗಟ್ಟಿ. "ಏನಂತೆ ಹನುಮಂತ?" ಎಂದು ಕೇಳಿದ. ಇವನು ಎಲ್ಲರಿಗೂ ನಿಜ ಹೇಳಿ ಅಭ್ಯಾಸವಾದವನು, "ಲಿವರ್‌ದು ಚಿಕ್ಕಪ್ಪ" ಎಂದುಬಿಟ್ಟ. ಅಷ್ಟು ಸಾಕಾಯಿತು. ಇವರು ರಕ್ತ ಕೊಟ್ಟು, ಸಂತೆ ಮುಗಿಸಿಕೊಂಡು ಊರು ಸೇರುವಷ್ಟರಲ್ಲಿ ಸುದ್ದಿ ಮನೆಯ ಜಗಲಿ ಹತ್ತಿ ಕೂತಿತ್ತು.

ತಾಯಿ ಮುನಿತಾಯಮ್ಮ ಮೊರದಲ್ಲಿ ಅಲಸಂದೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಲಿವರಂತೆ?"

"ಹೂಂ ಕಣಮ್ಮ. ಕೊಬ್ಬು ಸೇರ್ಕೊಂಡೈತಂತೆ. ಭಯ ಏನೂ ಇಲ್ಲ."

"ಯಾವತ್ತಿಂದ?"

"ಅದ್ಯಾರಿಗೆ ಗೊತ್ತಾಗುತ್ತಮ್ಮ, ಒಳಗಿಂದೊಳಗೆ..."

"ಕುಡಿಯಾದು ಯಾವತ್ತಿಂದ ಅಂತ ಕೇಳ್ದೆ."

ಹನುಮಂತರಾಯಪ್ಪನಿಗೆ ಮೊದಲು ನಗು ಬಂತು. ಅಮ್ಮನ ಮುಖ ನೋಡಿದ ಮೇಲೆ ಆ ನಗು ಅಲ್ಲೇ ಒಣಗಿತು. "ಅಮ್ಮ, ನಾನು ಮುಟ್ಟಿಲ್ಲ. ನಂಬಿಕೆ ಇಲ್ದಿದ್ರೆ ಬಾಯಿ ಮೂಸಿ ನೋಡು" ಎಂದು ಬಗ್ಗಿ ಅವಳ ಮುಂದೆ ಮುಖ ತಂದ.

ಮುನಿತಾಯಮ್ಮನ ಕೈಯಿಂದ ಮೊರ ಜಾರಿತು. ಕಾಳು ಜಗಲಿಯ ಮೇಲೆಲ್ಲ ಚೆಲ್ಲಾಡಿದವು. ಮಗನ ಮುಖವನ್ನು ನೋಡದೆ ಎದ್ದು ಒಳಗೆ ಹೋದಳು. ಬಾಗಿಲ ಒಳಗಿನಿಂದಲೇ ಮಾತು ಬಂತು. "ಈ ಸಲ ನಿಮ್ಮಪ್ಪಂಗೆ ಎಡೆ ನೀನು ಇಡ್ಬೇಡ. ಆಣೆ ಮುರ್ದ ಕೈ ಆ ಎಲೆ ಮುಟ್ಟದು ಬೇಡ. ಅಪ್ಪಯ್ಯಣ್ಣ ಬಂದು ಇಡ್ತಾನೆ."

ಕಾಳು ಆರಿಸುತ್ತಾ ಕೂತಾಗ ಅವನಿಗೆ ನೆನಪಾಯಿತು: ಬಾಯಿ ಮೂಸಿ ನೋಡು ಎಂದು ತಾನು ಈಗ ಆಡಿದ ಮಾತು ತನ್ನದಲ್ಲ, ಸಾಯುವ ಮುಂಚೆ ಅಪ್ಪ ಇದೇ ಮನೆಯಲ್ಲಿ ಆಡಿದ್ದು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ನಮ್ಮ ಕಡೆ ಯುಗಾದಿಗಿಂತ ದೊಡ್ಡದು. ಸತ್ತವರ ಫೋಟೊ ಇಟ್ಟು, ಹೊಸ ಬಟ್ಟೆ ಮಡಗಿ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲವನ್ನೂ ಬಾಳೆ ಎಲೆಯ ಮೇಲೆ ಬಡಿಸುತ್ತಾರೆ. ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟಲಿ. ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಇಷ್ಟಪಟ್ಟದ್ದನ್ನು ಇಡದಿದ್ದರೆ ಅವರು ಹಸಿದು ಹೋಗುತ್ತಾರೆ ಎನ್ನುವ ಭಯ. ಹಿರಿಮಗನೇ ಇಡಬೇಕು. ಹನುಮಂತರಾಯಪ್ಪ ಹದಿನೆಂಟನೇ ವಯಸ್ಸಿನಿಂದ ಅಪ್ಪ ಪಿಳ್ಳಣ್ಣನಿಗೆ ತನ್ನ ಕೈಯಾರೆ ಎಡೆ ಇಟ್ಟಿದ್ದ. ಚಿಕ್ಕಪ್ಪ ತರುತ್ತಿದ್ದ ಕ್ವಾರ್ಟರ್ ಬಾಟಲಿಯನ್ನು ಎಲೆಯ ಬಲಗಡೆ ಇಡುತ್ತಿದ್ದವನೂ ಅವನೇ. ಆಗ ಮಾತ್ರ ಅಮ್ಮ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಬಾಟಲಿ ಬೇಡ ಎಂದು ಯಾವತ್ತೂ ಹೇಳಿರಲಿಲ್ಲ. ಎಡೆಯಾದ ಮೇಲೆ ಅಣ್ಣನ ಪ್ರಸಾದವೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದು ಅಪ್ಪಯ್ಯಣ್ಣನ ಹಕ್ಕಾಗಿತ್ತು.

ಆ ಒಂದು ದಿನ ಅಪ್ಪ ಮನೆಗೆ ಬರುತ್ತಾನೆ ಎಂದು ಹನುಮಂತರಾಯಪ್ಪ ನಿಜವಾಗಿಯೂ ನಂಬಿದ್ದ. ಮುದ್ದೆಯ ಮೇಲೆ ತುಪ್ಪ ಬಿಡುವಾಗ ಅಪ್ಪನ ಹತ್ತಿರ ಮನಸ್ಸಲ್ಲೇ ಎರಡು ಮಾತಾಡುತ್ತಿದ್ದ. ಅಂಗಡಿಗೆ ಹೊಸ ತಗಡು ಹೊದಿಸಿದೆ, ಮಗಳು ನವ್ಯಶ್ರೀ ದೊಡ್ಡಬಳ್ಳಾಪುರದಲ್ಲಿ ಡಿಗ್ರಿಗೆ ಸೇರಿದಳು, ಹೀಗೆ. ಈಗ ಆ ಎಲೆಯ ಮುಂದಿನಿಂದ ಅವನನ್ನು ಎಬ್ಬಿಸಿದಂತಾಯಿತು. ಲಿವರ್ ಹೋದರೆ ಹೋಗಲಿ ಎನ್ನಿಸುವಷ್ಟು ಸಂಕಟವಾಯಿತು.

ಪಿಳ್ಳಣ್ಣನಿಗೆ ಸಾರಾಯಿ ಅಂಗಡಿಯಲ್ಲಿ ಕೆಲಸವಿತ್ತು. ಸಾರಾಯಿ ಇನ್ನೂ ಪ್ಯಾಕೆಟ್ಟಿನಲ್ಲಿ ಬರುತ್ತಿದ್ದ ಕಾಲ ಅದು. ಜಮೀನು ಸಾಲದೆಂದು ಅದನ್ನು ತಮ್ಮನಿಗೆ ಉಳಲು ಬಿಟ್ಟು, ವಿಜಯಪುರದಲ್ಲಿ ಕಂಟ್ರಾಕ್ಟರನ ಅಂಗಡಿಯ ಗಲ್ಲಾದ ಮೇಲೆ ಕೂತ. ಬೆಳಿಗ್ಗೆ ಕೂತರೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಏಳುವುದು. ಎದುರಿಗೇ ಬೋಟಿ ಹುರಿಯುವ ಬಾಣಲೆ, ಪಕ್ಕದಲ್ಲಿ ಬೋಂಡದಂಗಡಿ. ಇಬ್ಬರೂ ಪಿಳ್ಳಣ್ಣನಿಗೆ ಪುಕ್ಕಟೆಯಾಗಿ ತಂದು ಮುಂದಿಡುತ್ತಿದ್ದರು, ಗಿರಾಕಿ ಬರುವುದು ಅವನ ಅಂಗಡಿಯಿಂದಲ್ಲವೇ. ಟೀಗೆ ಸಕ್ಕರೆ ಎಷ್ಟು ಹಾಕಿದರೂ "ಇನ್ನೊಂದ್ ಚಮ್ಚ ಬಿಡಪ್ಪ" ಎನ್ನುವ ಮನುಷ್ಯ. ಹೊಟ್ಟೆ ಮುಂದೆ ಬಂದಾಗ ಊರವರು ಕೊಂಡಾಡಿದ್ದರು. ಪಿಳ್ಳಣ್ಣ ಈಗ ಸಾಹುಕಾರನ ಹಾಗೆ ಕಾಣ್ತಾನೆ ಎಂದು.

ಶನಿವಾರ ಅರ್ಧ ದಿನದ ಸ್ಕೂಲು ಬಿಟ್ಟ ಮೇಲೆ ಹನುಮಂತ ಅಪ್ಪನ ಅಂಗಡಿಯ ಹಿಂದಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಒಳಗೆ ಬರಕೂಡದು ಎಂದು ಅಪ್ಪನ ಕಟ್ಟಪ್ಪಣೆ. ಸಂಜೆಗೆ ಅಪ್ಪ ಹೇಗೋ ಬಿಡುವು ಮಾಡಿಕೊಂಡು ಬಂದು, ಸೈಕಲ್ಲಿನ ಬಾರಿನ ಮೇಲೆ ಟವೆಲು ಸುತ್ತಿ ಮಗನನ್ನು ಕೂರಿಸಿಕೊಳ್ಳುತ್ತಿದ್ದ. ಕೈಗೆ ಬೇಕರಿಯ ಪೊಟ್ಟಣ, ಒಳಗೆ ಬಿಸಿ ದಿಲ್‌ಪಸಂದ್. ದಾರಿಯುದ್ದಕ್ಕೂ ಎರಡೂ ಕಡೆ ದ್ರಾಕ್ಷಿ ಚಪ್ಪರ. ಹಣ್ಣಿನ ಕಾಲದಲ್ಲಿ ಗಾಳಿಯೇ ಸಿಹಿಯಾಗುತ್ತಿತ್ತು. ಅಪ್ಪ ಉಸಿರು ಬಿಡುತ್ತಾ ಪೆಡಲು ತುಳಿಯುತ್ತಿದ್ದ, ಮಗ ಅವನ ಎದೆಗೆ ತಲೆ ಆನಿಸಿ ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತಿದ್ದ. ಆ ದಾರಿ ಈಗ ಅಗಲವಾಗಿದೆ, ಚಪ್ಪರಗಳಿದ್ದ ಕಡೆ ಗೋಡೌನುಗಳು ಎದ್ದಿವೆ. ಹನುಮಂತರಾಯಪ್ಪನೂ ತನ್ನ ದ್ರಾಕ್ಷಿ ತೋಟ ಕಿತ್ತು, ಸಿಮೆಂಟಿನ ಅಂಗಡಿ ಹಾಕಿ, ಅಪ್ಪನ ಹಾಗೆಯೇ ಕುರ್ಚಿ ಹಿಡಿದು ಕೂತವನು. ತೋಟದಲ್ಲಿ ಗೇಯುತ್ತಿದ್ದಾಗ ಅವನ ಹೊಟ್ಟೆ ಬೆನ್ನಿಗೆ ಅಂಟಿತ್ತು.

ಅಪ್ಪನ ಹೊಟ್ಟೆ ಮುಂದೆ ಮುಂದೆ ಬೇರೆ ಥರ ಊದಿತು. ಕಾಲು ಬಾತುಕೊಂಡಿತು, ಕಣ್ಣು ಅರಿಸಿನವಾಯಿತು. ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು "ಕುಡೀತಾನಾ?" ಎಂದು ಕೇಳಿದ್ದಕ್ಕೆ ಪಿಳ್ಳಣ್ಣ ಬಾಯಿ ತೆರೆಯುವ ಮುಂಚೆ ಅಪ್ಪಯ್ಯಣ್ಣ, "ಸಾರಾಯಿ ಅಂಗಡೀಲೇ ಇರೋದು ಸ್ವಾಮಿ" ಎಂದ. ಮುಂದೆ ಯಾರೂ ಏನೂ ಕೇಳಲಿಲ್ಲ. ಮನೆಗೆ ಕರೆತಂದು ಚಾಪೆಯ ಮೇಲೆ ಮಲಗಿಸಿದ ದಿನ ಪಿಳ್ಳಣ್ಣ ಹೆಂಡತಿಯ ಕಡೆ ತಿರುಗಿ, "ಕುಡಿದಿಲ್ಲ ಕಣೇ. ಬೇಕಾದ್ರೆ ಬಾಯಿ ಮೂಸಿ ನೋಡು" ಎಂದಿದ್ದ. ಮುನಿತಾಯಮ್ಮ ಸೆರಗು ಮೂಗಿಗೆ ಹಿಡಿದು ಮುಖ ಆಚೆ ತಿರುಗಿಸಿದ್ದಳು. ಬಾಗಿಲಲ್ಲಿ ನಿಂತಿದ್ದ ಹನುಮಂತ ಅದನ್ನು ನೋಡಿದ್ದ. ತಿಥಿಯ ದಿನ ಅವಳು ಮಗನ ಕೈ ಹಿಡಿದೆಳೆದು ಅಪ್ಪನ ಎಲೆಯ ಮೇಲೆ ಒತ್ತಿ, "ಮುಟ್ಟಲ್ಲ ಅನ್ನು" ಎಂದಳು. ಅವನು ಮುಟ್ಟಲ್ಲ ಎಂದ. "ಬಾಯಾರಿದ್ರೆ ಕಲರ್ ಕುಡಿ, ಸೋಡ ಕುಡಿ, ನಾನೇ ಕೊಡಿಸ್ತೀನಿ" ಎಂದು ತಬ್ಬಿಕೊಂಡು ಅತ್ತಳು.

ಈಗ ಲಿವರಿನ ಸುದ್ದಿ ಬಂದ ದಿನದಿಂದ ಮನೆಯಲ್ಲಿ ತಾಯಿ ಮಗನ ಮಾತು ನಿಂತಿತು. ಮಗ ಕಾಫಿ ಕೊಟ್ಟರೆ ಮುನಿತಾಯಮ್ಮ ಲೋಟ ಮುಟ್ಟುವುದಿಲ್ಲ. ಸೊಸೆ ಕೊಟ್ಟರೆ ಕುಡಿಯುತ್ತಾಳೆ. ಆಶಾರಾಣಿಗೆ ಎರಡೂ ಕಡೆ ಬೇಜಾರು. "ಅತ್ತೆ, ಇವರ ಜೊತೆ ಇಷ್ಟು ವರ್ಷ ಮಲಗಿ ಎದ್ದಿದ್ದೀನಿ, ನಂಗೆ ವಾಸನೆ ಗೊತ್ತಾಗಲ್ವಾ?" ಎಂದು ಒಂದು ಸಲ ಕೇಳಿಯೇ ಬಿಟ್ಟಳು. ಅತ್ತೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಪ್ಪಯ್ಯಣ್ಣ ಮಾತ್ರ ಮುತುವರ್ಜಿಯಿಂದ ಬಂದು, ಯಾವುದೋ ಬೇರನ್ನು ಅರೆದ ಕಷಾಯವನ್ನು ಸೀಸೆಯಲ್ಲಿ ತಂದಿಟ್ಟ. "ಕುಡುದ್ ಲಿವರ್‌ಗೆ ಇದು ರಾಮಬಾಣ ಕಣ್ಲಾ. ನಾಚ್ಕೋಬೇಡ, ಗಂಡಸರಿಗೆ ಇದೆಲ್ಲ ಇದ್ದದ್ದೇ." ಗೊತ್ತಿಲ್ಲದ ಬೇರು ಸೊಪ್ಪು ಯಾವುದೂ ತಗೋಬೇಡಿ, ಅದೇ ಲಿವರ್ ಕೆಡಿಸುತ್ತೆ ಎಂದು ಡಾಕ್ಟರು ಹೇಳಿದ್ದರಿಂದ, ಆಶಾರಾಣಿ ಅದನ್ನು ಸೀಬೆ ಗಿಡದ ಬುಡಕ್ಕೆ ಸುರಿದಳು. ಗಿಡಕ್ಕೇನೂ ಆಗಲಿಲ್ಲ.

ಡಾಕ್ಟರು ಮಾತ್ರೆಗಿಂತ ಹೆಚ್ಚಾಗಿ ಕಾಲಿಗೆ ಕೆಲಸ ಕೊಟ್ಟಿದ್ದರು. ದಿನಾ ಬೆವರು ಬರುವ ಹಾಗೆ ನಡೆಯಬೇಕು. ಕೂಲ್‌ಡ್ರಿಂಕ್ಸ್, ಬೇಕರಿ, ಕರಿದದ್ದು ಬಂದ್. ಅನ್ನ ಕಮ್ಮಿ, ಸೊಪ್ಪು ಕಾಳು ಜಾಸ್ತಿ. ಮುದ್ದೆ ತಿನ್ನಬಹುದು, ಎರಡು ತಿನ್ನುವ ಕಡೆ ಒಂದು. ತೂಕ ಒಂದೇ ಸಲಕ್ಕೆ ಇಳಿಸಬಾರದು, ನಿಧಾನವಾಗಿ ಹತ್ತರಲ್ಲಿ ಒಂದು ಪಾಲು ಇಳಿದರೆ ಲಿವರ್ರಿನ ಕೊಬ್ಬು ತಾನೇ ಕರಗುತ್ತೆ ಎಂದಿದ್ದರು. ಗಣೇಶನ ಹಬ್ಬದ ಕಡುಬು ಎದುರಿಗೆ ಹೊಗೆಯಾಡುವಾಗ ಅವನು ಅಲಸಂದೆ ಪಲ್ಯ ಅಗಿಯುತ್ತಾ ಕೂತ. ಅಂಗಡಿಯಲ್ಲಿ ಗಿರಾಕಿಗಳು "ಏನ್ ಗುರು, ಹೆಂಗೆ, ಬಿಟ್ಬಿಟ್ಯಾ?" ಎಂದು ಕಣ್ಣು ಹೊಡೆದರೆ ಹಲ್ಲು ಕಚ್ಚಿ ಸಿಮೆಂಟು ಚೀಟಿ ಬರೆಯುತ್ತಿದ್ದ.

ನಡೆಯುವುದಕ್ಕೆ ಅವನು ಆರಿಸಿಕೊಂಡದ್ದು ಅದೇ ಹಳೆಯ ಸೈಕಲ್ ದಾರಿ. ಬೆಳಗಿನ ಮಂಜಿನಲ್ಲಿ ಗೋಡೌನುಗಳು ಮರೆಯಾಗಿ, ಅಲ್ಲೊಂದು ಇಲ್ಲೊಂದು ಉಳಿದ ರಾಗಿ ಹೊಲ ಮಾತ್ರ ಕಾಣುತ್ತಿತ್ತು. ಎದೆಗೆ ತಲೆ ಆನಿಸಿದ ಆ ಹುಡುಗ ನೆನಪಾಗುತ್ತಿದ್ದ. ಅಪ್ಪನ ಅಂಗಿಯಲ್ಲಿ ಸಾರಾಯಿಯ ಘಾಟು ಇರುತ್ತಿತ್ತು, ನಿಜ. ಪ್ಯಾಕೆಟ್ಟು ಒಡೆದು ದಿನಾ ಬಟ್ಟೆಯ ಮೇಲೆ ಸೋರುತ್ತಿತ್ತಲ್ಲ. ಊರ ಹತ್ತಿರದ ಏರು ಬಂದಾಗ ಅಪ್ಪ ಸೈಕಲ್ಲಿನಿಂದ ಇಳಿದು, ಬಗ್ಗಿ, ಮಗನ ಕಿವಿಯ ಹತ್ತಿರ "ಗಟ್ಟಿಯಾಗಿ ಹಿಡ್ಕೋ" ಎನ್ನುತ್ತಿದ್ದ. ಆ ಉಸಿರಿನಲ್ಲಿ ಏನಿತ್ತು? ಬೋಂಡದ ಎಣ್ಣೆ, ಎಲೆ ಅಡಿಕೆ, ಟೀ. ಹನುಮಂತರಾಯಪ್ಪ ರಸ್ತೆಯ ನಡುವೆ ನಿಂತುಬಿಟ್ಟ.

ಇನ್ನೊಂದು ನೆನಪು ಅದರ ಬೆನ್ನಿಗೇ ಬಂತು. ಅಪ್ಪ ಒಂದು ಸಲ ರಜೆ ಹಾಕಿ ಮಗನನ್ನು ಶಿವಗಂಗೆಗೆ ಕರೆದುಕೊಂಡು ಹೋಗಿದ್ದ. ಅರ್ಧ ಬೆಟ್ಟಕ್ಕೇ ಅಪ್ಪನಿಗೆ ಮೇಲುಸಿರು. ಒಂದು ಬಂಡೆಯ ನೆರಳಿನಲ್ಲಿ ಕೂತು, "ನೀನು ಹೋಗಿ ತುದಿ ಮುಟ್ಕೊಂಡ್ ಬಾರಪ್ಪ, ನಾನು ಇಲ್ಲೇ ನಿನ್ನ ನೋಡ್ತಿರ್ತೀನಿ" ಎಂದ. ಮಗ ಮೇಲಿನಿಂದ ಕೈ ಬೀಸಿದಾಗ ಕೆಳಗೆ ಬಿಳಿ ಟವೆಲೊಂದು ಅಲ್ಲಾಡಿತು. ರಾತ್ರಿ ಛತ್ರದಲ್ಲಿ ಮಲಗಿ ಮಾರನೆಯ ದಿನ ಸಂಜೆ ಊರಿಗೆ ಬಂದರು. ಆ ಎರಡು ದಿನವೂ ಅಪ್ಪ ಮಗನ ಕಣ್ಣಿಂದ ಮರೆಯಾಗಿರಲಿಲ್ಲ. ಎಲ್ಲಿಗೂ ಹೋಗಲಿಲ್ಲ, ಏನನ್ನೂ ಹುಡುಕಲಿಲ್ಲ, ಕೈ ನಡುಗಲಿಲ್ಲ. ರಾತ್ರಿಯೆಲ್ಲ ಬಾಯಾರಿಕೆಯೊಂದೇ, ನೀರು ಕುಡಿದದ್ದೂ ಕುಡಿದದ್ದೇ, ಮೂತ್ರಕ್ಕೆಂದು ಬಾಗಿಲ ಪಕ್ಕಕ್ಕೆ ಹೋದದ್ದೂ ಹೋದದ್ದೇ. ಕುಡುಕರನ್ನು ಜೀವನವಿಡೀ ಹತ್ತಿರದಿಂದ ಕಂಡ ಹನುಮಂತರಾಯಪ್ಪನಿಗೆ ಗೊತ್ತಿತ್ತು, ಕುಡುಕ ಎರಡು ದಿನ ಹಾಗಿರಲಾರ. ಇಷ್ಟು ವರ್ಷ ಇದೆಲ್ಲ ತಲೆಯಲ್ಲೇ ಇತ್ತು. ಊರು ಹೇಳಿದ್ದನ್ನು ನಂಬಿ ಅದರ ಕಡೆ ತಿರುಗಿ ನೋಡಿರಲಿಲ್ಲ ಅಷ್ಟೆ. ಆ ಬೆಳಿಗ್ಗೆ ಅವನು ರಸ್ತೆಯ ಮೋರಿಯ ಮೇಲೆ ಕೂತು, ಐವತ್ತರ ಗಂಡಸು, ಬಾಯಿಗೆ ಟವೆಲು ಒತ್ತಿಕೊಂಡು ಅತ್ತ.

ಅಮಾವಾಸ್ಯೆಗೆ ಇನ್ನು ಕೆಲವೇ ದಿನಗಳಿದ್ದವು. ಟೆಸ್ಟುಗಳ ಫಲ ಕೇಳಲು ದೇವನಹಳ್ಳಿಗೆ ಹೊರಟಾಗ ಅವನು ಅಮ್ಮನ ಮುಂದೆ ನಿಂತ. "ನನ್ನ ನಂಬ್ಬೇಡಮ್ಮ. ಒಂದ್ಸಲ ಬಂದು ಡಾಕ್ಟ್ರನ್ನ ಕೇಳು. ಆಮೇಲೂ ಬೇಡ ಅಂದ್ರೆ ನಾನು ಎಡೆ ಹತ್ರ ಬರಲ್ಲ." ಮುನಿತಾಯಮ್ಮ ಸೀರೆ ಬದಲಾಯಿಸಲು ಎದ್ದಳು.

ಡಾಕ್ಟರ್ ಅರ್ಪಿತ ವಯಸ್ಸಿನಲ್ಲಿ ಚಿಕ್ಕವರು, ಮಾತು ಸ್ಪಷ್ಟ. ವೈರಸ್ ಇಲ್ಲ, ಸಕ್ಕರೆ ಗಡಿಯ ಹತ್ತಿರ ಬಂದಿದೆ, ಲಿವರ್ ಇನ್ನೂ ಗಟ್ಟಿಯಾಗಿಲ್ಲ ಎಂದು ಮಗನಿಗೆ ಹೇಳಿ ಮುಗಿಸಿದರು. ಅಲ್ಲಿಯವರೆಗೂ ಮುನಿತಾಯಮ್ಮ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದಳು.

"ಡಾಕ್ಟ್ರಮ್ಮ, ಇವ್ನು ಕುಡಿದವ್ನಾ ಇಲ್ವಾ?"

"ಅಜ್ಜಿ, ನಾನು ಅವರ ಹಿಂದೆ ಹಿಂದೆ ತಿರುಗಿಲ್ಲ, ಆಣೆ ಮಾಡಿ ಹೇಳಕ್ಕಾಗಲ್ಲ. ಆದ್ರೆ ಕುಡೀದೇ ಇದ್ರೂ ಇದು ಬರುತ್ತೆ. ಕುಡೀದೇ ಇರೋರು ಬೇಕಾದಷ್ಟು ಜನ ಬರ್ತಾರೆ ನನ್ನ ಹತ್ರ. ಮಟನ್ ಅಂಗಡೀಲಿ ಲಿವರ್ ನೋಡಿದ್ದೀರಲ್ಲ, ಕೆಂಪಗೆ ನುಣ್ಣಗಿರುತ್ತೆ. ಅದರ ಒಳಗೆಲ್ಲ ಬೆಣ್ಣೆ ತುಂಬಿಸಿದ್ರೆ ಹೆಂಗಿರುತ್ತೆ, ಹಂಗಾಗಿದೆ."

"ಕುಡೀದೆ ಹೆಂಗೆ ಬತ್ತದೆ?"

"ಬೆಳಿಗ್ಗೆಯಿಂದ ಸಂಜೆ ತನಕ ಕೂತಲ್ಲೇ ಕೂತಿರೋದು. ಸಿಹಿ, ಕರಿದ ತಿಂಡಿ, ಹೊಟ್ಟೆ ಸುತ್ತ ಬೊಜ್ಜು, ಶುಗರ್. ನಿಮ್ಮ ಮಗ ಬೇರೆಯವರು ಕುಡಿಯುವಾಗ ಕೂಲ್‌ಡ್ರಿಂಕ್ಸ್ ಕುಡೀತಿದ್ರಂತೆ, ವರ್ಷಗಟ್ಟಲೆ. ಅದೂ ಸಕ್ಕರೆ ಪಾನಕವೇ. ಅದೂ ಹೋಗಿ ಅಲ್ಲೇ ಕೂತಿದೆ."

ಮುನಿತಾಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಕುಡಿ ಅಂದಿದ್ದು ನಾನೇ ಕಣಮ್ಮ" ಎಂದಳು. ಆಮೇಲೆ ಕೇಳಿದಳು. "ಇದನ್ನ ಇಂಗೇ ಬುಟ್ರೆ?"

"ಎಲ್ಲರಿಗೂ ಆಗಲ್ಲ. ಕೆಲವರಿಗೆ ವರ್ಷ ಕಳೆದ ಹಾಗೆ ಲಿವರ್ ಗಟ್ಟಿಯಾಗುತ್ತೆ. ಆಗ ಹೊಟ್ಟೇಲಿ ನೀರು ತುಂಬುತ್ತೆ, ಕಾಲು ಊದುತ್ತೆ, ಕಣ್ಣು ಹಳದಿಯಾಗುತ್ತೆ. ನಿಮ್ಮ ಮಗ ಅಲ್ಲಿಗೆ ಹೋಗಿಲ್ಲ, ಹೋಗೋದೂ ಬೇಡ."

"ಒಂದ್ ತೊಟ್ಟೂ ಕುಡೀದವ್ರಿಗಾ?"

"ಕುಡೀದವ್ರಿಗೂ ಅಜ್ಜಿ."

"ಅಂಗೇ ಸತ್ತೂ ಹೋಯ್ತಾರಾ?"

ಡಾಕ್ಟರು ಹನುಮಂತರಾಯಪ್ಪನ ಮುಖ ನೋಡಿದರು. ಅವನು ತಲೆ ತಗ್ಗಿಸಿ, ಅಪ್ಪನ ಅಂಗಡಿ, ಅಪ್ಪನ ಟೀ, ರಾತ್ರಿಯ ಬಾಯಾರಿಕೆ, ಊದಿದ ಹೊಟ್ಟೆ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ಡಾಕ್ಟರು ಅವಸರ ಮಾಡಲಿಲ್ಲ. "ನಾನು ನೋಡದೇ ಇರೋರ ಬಗ್ಗೆ ಹೀಗೇ ಅಂತ ಹೇಳಿದ್ರೆ ತಪ್ಪಾಗುತ್ತೆ. ಕುಡಿದ್ರೂ ಹಾಗಾಗುತ್ತೆ, ವೈರಸ್ ಇದ್ರೂ ಆಗುತ್ತೆ, ಇದರಿಂದಾನೂ ಆಗುತ್ತೆ. ಆ ಬಾಯಾರಿಕೆ ಕೇಳಿದ್ರೆ ಶುಗರ್ ಇತ್ತೇನೋ ಅನ್ಸುತ್ತೆ. ಬರೀ ಹೊಟ್ಟೆ ಊದಿದ್ದು ನೋಡಿ ಕುಡುಕ ಅಂತ ಹೇಳೋಕೆ ಯಾರಿಂದಲೂ ಆಗಲ್ಲ ಅಜ್ಜಿ. ಅವರು ಏನು ಹೇಳ್ತಿದ್ರು?"

ಮುನಿತಾಯಮ್ಮ ಎದ್ದು ನಿಂತಳು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಊರು ಬರುವವರೆಗೂ ಹೊರಗೆ ನೋಡುತ್ತಿದ್ದಳು. ಎಡೆಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಅಮಾವಾಸ್ಯೆಯ ದಿನ ಮನೆಯೆಲ್ಲ ಮಸಾಲೆಯ ಘಮ. ನಡುಮನೆ ಸಾರಿಸಿ, ಮಣೆಯ ಮೇಲೆ ಪಿಳ್ಳಣ್ಣನ ಫೋಟೊ ಇಟ್ಟಿದ್ದರು. ಎಣ್ಣೆ ಹಾಕಿ ಬಾಚಿದ ತಲೆ, ತುಂಬಿದ ಕೆನ್ನೆ, ಮುಚ್ಚಿದ ತುಟಿಯ ಮೇಲೆ ಸಣ್ಣ ಮೀಸೆ. ಹೊಸ ಪಂಚೆ, ಟವೆಲು, ಹೂವು. ಹನುಮಂತರಾಯಪ್ಪ ಸ್ನಾನ ಮಾಡಿ, ಮಡಿಯುಟ್ಟು, ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ. ಒಳಗೆ ಹೋಗುವ ಹಾಗಿಲ್ಲ ಎಂದು ಅವನೇ ಅಂದುಕೊಂಡಿದ್ದ. ಅಪ್ಪಯ್ಯಣ್ಣ ಮೈಗೆಲ್ಲ ವಿಭೂತಿ ಬಳಿದುಕೊಂಡು ಜೋರಾಗಿಯೇ ಬಂದ. ಎಡೆ ಇಡುವ ಯೋಗ ತನಗೆ ಬಂತೆಂದು ಮುಖದಲ್ಲಿ ಕಳೆ. ಕೂತವನೇ ಟವೆಲಿನಿಂದ ಕ್ವಾರ್ಟರ್ ಬಾಟಲಿ ತೆಗೆದು ಎಲೆಯ ಬಲಗಡೆ ಇಟ್ಟ.

ಈ ಹೊತ್ತಿಗೆ ಹಿತ್ತಲಿಗೆ ಹೋಗಬೇಕಾದ ಮುನಿತಾಯಮ್ಮ ಅಲ್ಲೇ ನಿಂತಿದ್ದಳು.

"ಇದು ಯಾರಿಗೆ?"

"ಅಣ್ಣಂಗೆ ಅತ್ತಿಗೆ. ವರ್ಷಾ ವರ್ಷಾ ಇಡಲ್ವಾ."

"ನಿಮ್ಮಣ್ಣ ಕುಡಿದದ್ದನ್ನ ನೀನು ಕಂಡಿದ್ಯಾ ಅಪ್ಪಯ್ಯ?"

"ಇದೇನ್ ಹಿಂಗ್ ಕೇಳ್ತೀರಾ. ಸಾರಾಯಿ ಅಂಗಡೀಲಿ ಕೂತವ್ನು..."

"ಕಂಡಿದ್ಯಾ ಅಂದೆ."

ಅಪ್ಪಯ್ಯಣ್ಣ ಬಾಟಲಿ ನೋಡಿದ, ಫೋಟೊ ನೋಡಿದ. ಅವನ ಗಟ್ಟಿ ದನಿ ಎಲ್ಲಿಗೋ ಹೋಗಿತ್ತು. "ಕಂಡಿಲ್ಲ" ಎಂದ.

"ನಾನೂ ಕಂಡಿಲ್ಲ." ಮುನಿತಾಯಮ್ಮ ಬಗ್ಗಿ ಬಾಟಲಿ ಎತ್ತಿ ಅವನ ಕೈಗಿಟ್ಟಳು. "ಇಷ್ಟ್ ವರ್ಷ ಇದನ್ನ ಇಟ್ಟು ಅವ್ರನ್ನ ಬಾಗ್ಲಿಂದಾನೇ ವಾಪಸ್ ಕಳಿಸಿದ್ವೇನೋ. ಬೇಕಂದ್ರೆ ನಿನ್ ಹೆಸರಲ್ಲಿ ಕುಡ್ಕೋ. ಅವ್ರ ಹೆಸರಲ್ಲಿ ಬೇಡ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಆಶಾ, ಒಂದ್ ಲೋಟ ಟೀ ಮಾಡು. ಸಕ್ಕರೆ ಜಾಸ್ತಿ ಹಾಕು. ಅವ್ರಿಗೆ ಇನ್ನೇನ್ ಆಗ್ಬೇಕು" ಎಂದಳು.

ಟೀ ಬಂತು. ಬಾಟಲಿ ಇದ್ದ ಜಾಗದಲ್ಲಿ ಲೋಟ ಹಬೆಯಾಡಿತು. ಅಪ್ಪಯ್ಯಣ್ಣ ಯಾರೂ ಹೇಳದೆಯೇ ಎಲೆಯ ಮುಂದಿನಿಂದ ಎದ್ದು ಗೋಡೆಯ ಪಕ್ಕಕ್ಕೆ ಸರಿದ. ಮುನಿತಾಯಮ್ಮ ಮೊಣಕಾಲು ಹಿಡಿದುಕೊಂಡು ಫೋಟೊದ ಮುಂದೆ ನಿಧಾನವಾಗಿ ಕೂತಳು. ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡು ಮುಖದ ಹತ್ತಿರ ತಂದಳು. ಕಣ್ಣಿಗೆ ಒತ್ತಿಕೊಳ್ಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಗಾಜಿನ ಮೇಲೆ, ಗಂಡನ ತುಟಿ ಇದ್ದ ಕಡೆ, ಮೂಗು ಇಟ್ಟು ಉಸಿರು ಎಳೆದುಕೊಂಡಳು. ಅವಸರವಿಲ್ಲದೆ, ಇನ್ನೊಂದು ಸಲ.

ಸೆರಗಿನಿಂದ ಗಾಜು ಒರೆಸಿ ಫೋಟೊವನ್ನು ಮಣೆಯ ಮೇಲಿಟ್ಟಳು. ಬಾಗಿಲ ಕಡೆ ತಿರುಗಿದಾಗ ಮುಖ ಪೂರ್ತಿ ಒದ್ದೆಯಾಗಿತ್ತು.

"ಬಾರಪ್ಪ," ಎಂದಳು ಮಗನಿಗೆ. "ನಿಮ್ಮಪ್ಪ ಕಾಯ್ತಾ ಅವ್ರೆ. ನೀನೇ ಇಡು."